ನಡೆ ಇಟ್ಟ ಮೇಲೆ ಒಂದು ಪೆಟ್ಟು

ಗಿರಣಿ ಕಾಕಾರ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲವೂ ಬೆಳ್ಳಗೆ. ಮುಪ್ಪಿನಿಂದಲ್ಲ, ಜೋಳದ ಹಿಟ್ಟಿನಿಂದ. ಚದುರಂಗದ ಮಣೆಯ ಮುಂದೆ ಕೂತರೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ ಅದುಮಿಕೊಳ್ಳುತ್ತಿದ್ದರು. "ಕೈ ಭಾಳ ಅವಸರದ್ದು ಯವ್ವಾ. ತಲಿ ಹೂಂ ಅನ್ನೂತನಕ ಅದನ್ನ ಬಿಡಬಾರದು."

ಸೂಡಿಯಲ್ಲಿ ನಮ್ಮ ಮನೆಯೆದುರೇ ಅವರ ಗಿರಣಿ. ನಮಗೆ ಸಂಬಂಧವೇನಿಲ್ಲ, ಊರಿಗೆಲ್ಲ ಅವರು ಕಾಕಾ. ಜೋಳದ ಡಬ್ಬಿ ಇಟ್ಟುಕೊಂಡು ಸರದಿ ಕಾಯುತ್ತಿದ್ದ ನನ್ನನ್ನು, "ಸುಮ್ನ ಕುಂತು ಏನ್ ಮಾಡ್ತಿ, ಬಾ" ಎಂದು ಮಣೆಯ ಮುಂದೆ ಕೂರಿಸಿದರು. ಆಗ ನಾನು ಏಳನೆಯ ತರಗತಿ. ಅವರಿಗೆ ಗಿರಣಿಯ ಸದ್ದೇ ಗಡಿಯಾರ. ಮೇಲಿನ ತಗಡಿನ ಬಾಯಲ್ಲಿ ಕಾಳು ತೀರುತ್ತ ಬಂದರೆ ಸದ್ದು ಬದಲಾಗುತ್ತದೆ. ಅಷ್ಟರೊಳಗೆ ನಡೆ ಮುಗಿಸಿ ಎದ್ದುಬಿಡುತ್ತಿದ್ದರು. ನಾನೋ, ಅವರು ಕಾಳು ಸುರಿದು ಬರುವುದರೊಳಗೆ ಮೂರು ಸಲ ಮನಸ್ಸು ಬದಲಿಸಿ, ಕುದುರೆ ಕಳಕೊಂಡು, ಅವರ ಮೇಲೆಯೇ ಸಿಟ್ಟಾಗುತ್ತಿದ್ದೆ.

ಒಂಬತ್ತನೆಯ ತರಗತಿಯಲ್ಲಿದ್ದಾಗ ರೋಣದಲ್ಲಿ ತಾಲ್ಲೂಕು ಪಂದ್ಯ. ಗೆದ್ದವರಷ್ಟೇ ಜಿಲ್ಲೆಗೆ. ಅಪ್ಪ ಹಿಂದಿನ ದಿನವೇ ಹೇಳಿಬಿಟ್ಟಿದ್ದ: "ಜಿಲ್ಲಾಕ್ಕ ಹೋದ್ರ ಆಡು. ಇಲ್ಲಾಂದ್ರ ಈ ಹುಚ್ಚು ನಾಳಿಗೇ ಮುಗೀತು." ಕಾಕಾ ಗಿರಣಿಗೆ ಬೀಗ ಹಾಕಿ ನನ್ನನ್ನು ಬಸ್ಸಿನಲ್ಲಿ ಕರೆದೊಯ್ದರು.

ಕೊನೆಯ ಸುತ್ತು. ಎದುರಿಗೆ ಮೆಣಸಗಿಯ ಹುಡುಗಿ. ಮಣೆಯ ಪಕ್ಕ ಪಂದ್ಯದ ಗಡಿಯಾರ: ನಡೆ ಇಟ್ಟು ಗುಂಡಿ ಒತ್ತಿದರೆ ನಮ್ಮ ಸಮಯ ನಿಂತು ಎದುರಿನವರದು ಓಡುತ್ತದೆ. ಬೆಳಗಿನಿಂದ ನೆನಪಿಟ್ಟು ಒತ್ತಿದ್ದೆ. ಈಗ ನನಗೆ ಉಳಿದದ್ದು ಮೂರೇ ನಿಮಿಷ. ಆದರೆ ಗೆಲುವು ಕಣ್ಣಿಗೆ ಕಾಣುತ್ತಿತ್ತು. ಇನ್ನೆರಡು ನಡೆಗೆ ಅವಳ ರಾಜ ಸಿಕ್ಕಿಬೀಳುತ್ತಿದ್ದ. ಆನೆಯನ್ನು ಸರಿಸಿದೆ. ಸರಿಸಿ, ಕಲಿತ ಹಾಗೆ, ಎರಡೂ ಕೈ ತೊಡೆಯಡಿ ಸೇರಿಸಿ ಕೂತೆ.

ಗುಂಡಿ ಒತ್ತಿರಲಿಲ್ಲ.

ಹುಡುಗಿ ಗಡಿಯಾರ ನೋಡಿದಳು. ಗಲ್ಲಕ್ಕೆ ಕೈಕೊಟ್ಟು ಯೋಚಿಸುವವಳಂತೆ ಕೂತಳು. ಹೆದರಿದ್ದಾಳೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಕಿಟಕಿಯ ಹೊರಗೆ ನಿಂತ ಕಾಕಾರ ಕಡೆ ನೋಡಿದೆ. ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ನನ್ನ ಕಣ್ಣು ಕಂಡೊಡನೆ ಬೆನ್ನು ತಿರುಗಿಸಿದರು. ಒಂದು ಸಲ ಕೆಮ್ಮಿದ್ದರೂ ಸಾಕಿತ್ತು. ಕೆಮ್ಮಲಿಲ್ಲ.

"ಸರ್, ಈಕಿ ಟೈಮ್ ಮುಗೀತ್ರಿ," ಎಂದು ಹುಡುಗಿ ಕೈಯೆತ್ತಿದಳು. ಗಡಿಯಾರದಲ್ಲಿ ನನ್ನ ಕಡೆ ಬರೀ ಸೊನ್ನೆ.

ಬಸ್ಸಿನಲ್ಲಿ ಅತ್ತು ಸಾಕಾದ ಮೇಲೆ ಕೇಳಿದೆ. "ನೀವು ನೋಡಿದ್ರಲ್ಲಾ ಕಾಕಾ?"

"ನೋಡಿದೆ."

"ಮತ್ತ ಯಾಕ ಹೇಳಲಿಲ್ಲ?"

"ಹೊರಗ ನಿಂತಾವ ಹೇಳಬಾರದು ಯವ್ವಾ. ಆ ಹುಡುಗಿಗೆ ಮೋಸ ಆಕ್ಕಿತ್ತು."

ಊರು ಬರುವವರೆಗೆ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಕಾಕಾ ಬಸ್ಸಿಳಿದವರೇ ನೇರ ಹೋಗಿ ಅಪ್ಪನ ಮುಂದೆ ನಿಂತರು. "ಸೋತಾವ ನಾನು. ಕೈ ಹಿಡಕೊಂಡು ಕುಂದ್ರೋದು ಕಲಿಸಿದೆ, ಗಡಿಯಾರ ಒತ್ತೋದು ಕಲಿಸಲಿಲ್ಲ. ಹುಡುಗಿಗೆ ಶಿಕ್ಷಾ ಬ್ಯಾಡ. ಇನ್ನೊಂದ್ ವರ್ಷ ಕೊಡು." ಊರಿಗೇ ಹಿರಿಯರಾದವರು ಹೀಗೆ ಬೇಡಿದ್ದಕ್ಕೆ ಅಪ್ಪನಿಗೆ ಬೇಡವೆನ್ನಲಾಗಲಿಲ್ಲ.

ಮರುದಿನದಿಂದ ಹೊಸ ಕಾಯಿದೆ: ನಡೆ ಇಟ್ಟೊಡನೆ ಪಕ್ಕದ ಖಾಲಿ ಡಬ್ಬಿಗೆ ಒಂದು ಪೆಟ್ಟು. ಗಿರಣಿಯ ಸದ್ದಿನಲ್ಲೂ ಅದು ಅವರ ಕಿವಿಗೆ ಬೀಳಬೇಕು, ಇಲ್ಲದಿದ್ದರೆ ಅವರು ಕಾಯಿ ಮುಟ್ಟುತ್ತಿರಲಿಲ್ಲ. ಬೀಸಲು ಬಂದ ಹೆಂಗಸರು "ಇಬ್ಬರಿಗೂ ತಲಿ ಕೆಟ್ಟೈತಿ" ಎಂದು ನಗುತ್ತಿದ್ದರು. ಮರುವರ್ಷ ಜಿಲ್ಲೆಗೆ ಹೋದೆ. ಆಟ ಬಿಡಲೇ ಇಲ್ಲ. ಈಗ ಗಜೇಂದ್ರಗಡದಲ್ಲಿ ಮಕ್ಕಳಿಗೆ ಕಲಿಸುತ್ತೇನೆ.

ಹೋದ ವರ್ಷ ಕಾಕಾ ಹಾಸಿಗೆ ಹಿಡಿದರು. ಮಾತು ನಿಂತಿತ್ತು. ನಾನು ಮಂಚದ ಮೇಲೆಯೇ ಮಣೆ ಇಟ್ಟು ಕಾಯಿ ಜೋಡಿಸಿದೆ. ಹಿಟ್ಟಿಲ್ಲದೆಯೂ ಅವರ ಹುಬ್ಬು ಬೆಳ್ಳಗಾಗಿತ್ತು. ಸಿಪಾಯಿಯೊಂದನ್ನು ಸರಿಸಿ ಆ ಹುಬ್ಬನ್ನೇ ನೋಡುತ್ತ ಕೂತೆ. ಅವರು ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ಕೈ ಎತ್ತಿ ಮಂಚದ ಕಬ್ಬಿಣದ ಪಟ್ಟಿಗೆ ಒಂದು ಪೆಟ್ಟು ಕೊಟ್ಟರು.

"ಮರತೆ ಕಾಕಾ," ಎಂದು ನಾನೂ ಬಡಿದೆ. ಆಗಷ್ಟೇ ಅವರು ಕುದುರೆ ಮುಟ್ಟಿದರು. ಅದನ್ನಿಟ್ಟು, ಪಟ್ಟಿ ಬಡಿದು, ಕಣ್ಣು ಮುಚ್ಚಿ ನಿದ್ದೆಹೋದರು. ನನ್ನ ಸರದಿ ಬಾಕಿ ಉಳಿಯಿತು.

ನಾಲ್ಕು ದಿನಕ್ಕೆ ಕಾಕಾ ತೀರಿಕೊಂಡರು. ಕುಣಿಯ ಅಂಚಿನಲ್ಲಿ ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿದರು. ನನ್ನ ಸರದಿ ಬಂದಾಗ ನಾನೂ ಹಾಕಿದೆ. ಹಾಕಿ, ಮರೆಯದೆ, ಅಂಗೈಯಿಂದ ನೆಲಕ್ಕೆ ಒಂದು ಪೆಟ್ಟು ಕೊಟ್ಟೆ.