ಅಕ್ಕ ಎದುರು ನಿಂತು ಕಲಿಸಿದ ಡ್ರಿಲ್ಲು

ಹಲಸೂರಿನ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಆಗ ಮೂರೇ ಜನ ಟೀಚರುಗಳು. ಹೆಡ್‌ಮಿಸ್ಟ್ರೆಸ್ ಒಬ್ಬರು, ಎರಡನೇ ಕ್ಲಾಸಿನ ಅಕ್ಕ ಒಬ್ಬರು, ಒಂದನೇ ಕ್ಲಾಸಿಗೆ ನಾನು. ಅಕ್ಕ ನನಗೆ ಸಂಬಂಧಿಯೇನಲ್ಲ. ವಯಸ್ಸು ನಲವತ್ತು ದಾಟಿತ್ತು, ಮನೆ ಬ್ಲ್ಯಾಕ್‌ಪಲ್ಲಿಯಲ್ಲಿ, ಅಂದರೆ ಈಗಿನ ಶಿವಾಜಿನಗರದಲ್ಲಿ. ಮನೆಮಾತು ತಮಿಳಾದರೂ ಕನ್ನಡವನ್ನು ನನಗಿಂತ ಜೋರಾಗಿ ಆಡುತ್ತಿದ್ದರು. ನಾನು ಜೋಗುಪಾಳ್ಯದ ಹುಡುಗಿ. ಹತ್ತೊಂಬತ್ತು ವರ್ಷ. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು, ಸೀರೆ ಉಟ್ಟು ಸರಿಯಾಗಿ ಓಡಾಡುವುದನ್ನು ಅಷ್ಟರಲ್ಲಿ ಕಲಿತಿದ್ದೆ.

ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಟೀಚರುಗಳ ಅಭಾವದಲ್ಲಿ ಟ್ರೈನಿಂಗ್ ಇಲ್ಲದೆಯೇ ನಮ್ಮಂಥವರನ್ನು ತೆಗೆದುಕೊಂಡಿದ್ದರು. ಒಂದು ದಿನ ಆರ್ಡರ್ ಬಂತು: ಟ್ರೈನಿಂಗ್ ಆಗದವರೆಲ್ಲ ಮೂರು ತಿಂಗಳು ಬ್ಲ್ಯಾಕ್‌ಪಲ್ಲಿಯ ಹಾಲೊಂದರಲ್ಲಿ ದಿನಾ ಮಧ್ಯಾಹ್ನ ಎರಡಕ್ಕೆ ತರಗತಿಗೆ ಹಾಜರಾಗಬೇಕು. ಅಕ್ಕನ ಹೆಸರೂ ಇತ್ತು, ನನ್ನದೂ ಇತ್ತು. ಪಾಸಾಗದಿದ್ದರೆ ಕೆಲಸ ಖಾಯಂ ಆಗುವುದಿಲ್ಲ.

ಹೆಡ್‌ಮಿಸ್ಟ್ರೆಸ್ ಆ ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಇಬ್ರೂ ಹೊರಟುಬಿಟ್ರೆ ಈ ಮಕ್ಕಳನ್ನ ನೋಡೋರು ಯಾರು? ಒಂದಿನ ಅವರು ಹೋಗ್ಲಿ, ಒಂದಿನ ನೀನು ಹೋಗು. ನಾನು ಕಾಗದ ಬರೀತೀನಿ."

ಬರೆದರು. ಒಪ್ಪಿಗೆಯೂ ಬಂತು. ಆದರೆ ಪರೀಕ್ಷೆಯನ್ನು ಮಾತ್ರ ಇಬ್ಬರೂ ಎಲ್ಲ ವಿಷಯದಲ್ಲೂ ಕೊಡಲೇಬೇಕಿತ್ತು. ನಾನು ಅಳುವುದೊಂದು ಬಾಕಿ. ಅಕ್ಕ ಮಾತ್ರ ಎಲೆಯಡಿಕೆ ಹಾಕಿಕೊಂಡು ನಕ್ಕರು.

"ನೀನು ಕಲ್ತಿದ್ದು ನಂಗೆ ಹೇಳ್ಕೊಡು, ನಾನು ಕಲ್ತಿದ್ದು ನಿಂಗೆ ಹೇಳ್ಕೊಡ್ತೀನಿ. ಇದಕ್ಕೆಲ್ಲ ಯಾಕೆ ಮುಖ ಊದಿಸ್ಕೋತೀಯ?"

ಹಾಗೆ ಶುರುವಾಯಿತು. ಅಕ್ಕ ಹೋಗುವ ದಿನಗಳಿಗೆ ಡ್ರಿಲ್ಲು ಮತ್ತು ಹಾಡು ಬಂದವು, ನಾನು ಹೋಗುವ ದಿನಗಳಿಗೆ ಮಕ್ಕಳ ಮನಸ್ಸಿನ ಪಾಠ ಮತ್ತು ಬೋರ್ಡಿನ ಮೇಲೆ ಚಿತ್ರ ಬರೆಯುವುದು. ನನ್ನ ಸರದಿಯ ದಿನ ಒಂದೂವರೆಗೆ ಬುತ್ತಿ ಮುಚ್ಚಿ ಓಟ ಕೀಳುತ್ತಿದ್ದೆ. ಕೆರೆಯ ಪಕ್ಕದ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಸಾಲುಸಾಲಾಗಿ ಬರುತ್ತಿದ್ದವು, ನಿಂತು ದಾರಿ ಬಿಟ್ಟು ಮತ್ತೆ ಓಡಬೇಕು. ಅಕ್ಕನ ಸರದಿಯ ದಿನ ಅವರು ಜಟಕಾದಲ್ಲಿ ಹೋಗುತ್ತಿದ್ದರು. ಅವತ್ತು ಎರಡು ಕ್ಲಾಸಿನ ಅರವತ್ತು ಹುಡುಗಿಯರನ್ನು ಒಂದೇ ಕೋಣೆಗೆ ತುಂಬಿಕೊಂಡು ನಾನೊಬ್ಬಳೇ ಕೂಗಾಡಬೇಕು. ಆ ಮೂರು ತಿಂಗಳಲ್ಲಿ ನಾನು ನಿಧಾನವಾಗಿ ನಡೆದ ನೆನಪೇ ಇಲ್ಲ. ಸುಸ್ತೂ ಆಗುತ್ತಿರಲಿಲ್ಲ. ಜಾತ್ರೆಗೆ ಹೋಗುವವಳಂತೆ ದಿನಾ ಏಳುತ್ತಿದ್ದೆ.

ಪ್ರತಿ ಸರದಿಯ ಮಾರನೇ ದಿನ ಪ್ರಾರ್ಥನೆಯ ಗಂಟೆಗೆ ಅರ್ಧ ಗಂಟೆ ಮುಂಚೆ ಶಾಲೆಯ ಹಿತ್ತಿಲಲ್ಲಿ ನಮ್ಮ ಪಾಠ. ಅಲ್ಲಿ ನಾನು ಅಕ್ಕನಿಗೆ, ಮಗುವಿನ ಗಮನ ಒಂದು ಕಡೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ವಿವರಿಸುತ್ತಿದ್ದೆ. ಅಕ್ಕನ ಗಮನ ಅಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ. ಆಮೇಲೆ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಡ್ರಿಲ್ಲು ಕಲಿಸುತ್ತಿದ್ದರು. ಅದು ಮರದ ಡಂಬೆಲ್ಸ್ ಹಿಡಿದು ಮಾಡುವ ಡ್ರಿಲ್ಲು. ನಮ್ಮಲ್ಲಿ ಡಂಬೆಲ್ಸ್ ಇರಲಿಲ್ಲ, ಕೈಗೊಂದು ಡಸ್ಟರ್ ಹಿಡಿದೆವು. ಎಡ ಬಲ ಎಂದು ಹೇಳುವುದಿಲ್ಲ, ಬರೀ ಎಣಿಕೆ. ಒಂದಕ್ಕೆ ಕೈ ಮುಂದೆ, ಎರಡಕ್ಕೆ ಮೇಲೆ, ಮೂರಕ್ಕೆ ಒಂದು ಕಾಲು ಪಕ್ಕಕ್ಕೆ ಚಾಚಿ ಅದೇ ಕಡೆ ಬಾಗಿ ಕೈ ಬೀಸುವುದು, ನಾಲ್ಕಕ್ಕೆ ಡಂಬೆಲ್ಸ್ ಎರಡನ್ನೂ ಟಕ್ಕನೆ ಬಡಿಯುವುದು. ಅಕ್ಕ ನನ್ನ ಎದುರು ನಿಂತು ಮಾಡುತ್ತಿದ್ದರು, ನಾನು ಅವರನ್ನೇ ನೋಡುತ್ತ ಮಾಡುತ್ತಿದ್ದೆ. ನಾಲ್ಕು ಎಂದಾಗಲೆಲ್ಲ ಸೀಮೆಸುಣ್ಣದ ಪುಡಿ ಎದ್ದು ಇಬ್ಬರ ಮೂಗೂ ಬೆಳ್ಳಗಾಗುತ್ತಿತ್ತು. ಪ್ರಾರ್ಥನೆಗೆ ಹಾಗೇ ಹೋಗಿ ನಿಂತರೆ ಮಕ್ಕಳು ಕಿಸಿಕಿಸಿ ನಗುತ್ತಿದ್ದವು.

ಕಲಿತದ್ದನ್ನು ಬಿಸಿಬಿಸಿಯಾಗಿ ನಾನು ಹುಡುಗಿಯರಿಗೂ ಕಲಿಸಿದೆ. ಅರವತ್ತು ಜನರನ್ನು ಒಬ್ಬಳೇ ಸಂಭಾಳಿಸುವ ಮಧ್ಯಾಹ್ನಗಳಲ್ಲಿ ಅದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ.

ಪರೀಕ್ಷೆಯ ದಿನ ಬಂತು. ಟ್ರೈನಿಂಗ್ ಹಾಲಿನ ಹಿಂದಿನ ಮೈದಾನದಲ್ಲಿ ಮೂವತ್ತು ಜನ ಟೀಚರುಗಳು ಸಾಲಾಗಿ ನಿಂತೆವು. ಅಕ್ಕನವರಿಗೆಲ್ಲ ಡ್ರಿಲ್ಲು ಕಲಿಸಿದ ಡ್ರಿಲ್ ಮೇಡಮ್ ಉದ್ದಕ್ಕಿದ್ದರು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿದ್ದರು, ಕತ್ತಿನಲ್ಲಿ ಸೀಟಿ. ನನ್ನ ಬಲಕ್ಕೆ ಅಕ್ಕ, ಎಡಕ್ಕೆ ರಿಚರ್ಡ್ಸ್ ಟೌನಿನ ಕನ್ನಡಕದ ಟೀಚರ್. ಸೀಟಿ ಊದಿದರು. ಒಂದು. ಎರಡು. ಮೂರಕ್ಕೆ ಇಪ್ಪತ್ತೊಂಬತ್ತು ಜನ ಬಲಕ್ಕೆ ಬಾಗಿದರು, ನಾನೊಬ್ಬಳು ಎಡಕ್ಕೆ ಬಾಗಿದೆ. ನನ್ನ ಡಂಬೆಲ್ಸ್ ಕನ್ನಡಕದವರ ಡಂಬೆಲ್ಸಿಗೆ ಬಡಿಯಿತು, ಅವರ ಕನ್ನಡಕ ಹುಲ್ಲಿಗೆ ಹಾರಿತು, ಅವರು ಆಯತಪ್ಪಿ ಆಚೆಯವರ ಮೇಲೆ ಒರಗಿದರು, ಆಚೆಯವರು ಇನ್ನೂ ಆಚೆಯವರ ಮೇಲೆ. ಅಷ್ಟಾದರೂ ನಾನು ನಾಲ್ಕನೆಯ ಎಣಿಕೆಗೆ ಸರಿಯಾಗಿ ಟಕ್ಕೆಂದು ಬಡಿದೆ.

ಡ್ರಿಲ್ ಮೇಡಮ್ ನಗಲೂ ಇಲ್ಲ, ಬೈಯಲೂ ಇಲ್ಲ. ಶನಿವಾರ ನಿಮ್ಮ ಶಾಲೆಗೇ ಬಂದು ನೀವು ಮಕ್ಕಳಿಗೆ ಕಲಿಸುವುದನ್ನು ನೋಡುತ್ತೇನೆ, ಆಮೇಲೆ ತೀರ್ಮಾನ ಎಂದರು.

ಶಾಲೆಗೆ ಹಿಂದಿರುಗುವಾಗ ಜಟಕಾದಲ್ಲಿ ಕುಳಿತು ಎಲ್ಲಿ ತಪ್ಪಿತೆಂದು ಹುಡುಕಿದೆವು. ಡ್ರಿಲ್ ಮೇಡಮ್ ಬೆಂಚಿನ ಮೇಲೆ ಹತ್ತಿ ಎಲ್ಲರಿಗೂ ಬೆನ್ನು ತಿರುಗಿಸಿ ಮಾಡಿ ತೋರಿಸುತ್ತಿದ್ದರಂತೆ. ಅಕ್ಕ ನನಗೆ ಎದುರು ನಿಂತು ತೋರಿಸಿದ್ದರು. ಅವರ ಬಲಗೈ ನನಗೆ ಎಡಗೈಯಾಗಿ ಬಂದಿತ್ತು. ಗೊತ್ತಾದ ಕೂಡಲೇ ಇಬ್ಬರಿಗೂ ನಗು ಹತ್ತಿತು. ನಿಲ್ಲಿಸಲಾಗಲಿಲ್ಲ. ಜಟಕಾ ಹೊಡೆಯುತ್ತಿದ್ದ ಸಾಹೇಬರು ಹಿಂದೆ ತಿರುಗಿ, ಯಾರಿಗಾದರೂ ಮೈ ಸರಿಯಿಲ್ಲವೇ ಎಂದು ಕೇಳಿದರು. ಹಲಸೂರು ಮಾರ್ಕೆಟ್ಟಿನ ಹತ್ತಿರ ನನ್ನ ನಗು ಥಟ್ಟನೆ ನಿಂತಿತು. ಅರವತ್ತು ಹುಡುಗಿಯರಿಗೂ ಉಲ್ಟಾ ಕಲಿಸಿಬಿಟ್ಟಿದ್ದೇನಲ್ಲ ಎಂದು ಹೊಳೆದಿತ್ತು. ಶನಿವಾರಕ್ಕೆ ಇದ್ದದ್ದು ಮೂರು ದಿನ.

ಮರುದಿನ ಬೆಳಿಗ್ಗೆಯೇ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿದೆವು. ಎಷ್ಟು ತಪ್ಪಾಗಿದೆ ನೋಡೋಣ, ಯಾವಾಗಲೂ ಮಾಡಿಸುವ ಹಾಗೆ ಮಾಡಿಸು ಎಂದು ಅಕ್ಕ ಮಕ್ಕಳ ಹಿಂದೆ ಹೋಗಿ ನಿಂತರು. ನಾನು ಎದುರು ನಿಂತು ಎಣಿಸಿದೆ. ಅಕ್ಕ ಹಿಂದೆ ತಾವೂ ಮಾಡತೊಡಗಿದವರು ಮೂರನೇ ಎಣಿಕೆಗೆ ಬಾಗಿದಲ್ಲೇ ನಿಂತುಬಿಟ್ಟರು.

"ತಡಿಯೇ. ಇವರೆಲ್ಲ ನಾನು ಬಾಗಿದ ಕಡೆಗೇ ಬಾಗಿದಾರೆ. ಸರಿಯಾಗೇ ಮಾಡ್ತಿದಾರೆ ಕಣೇ."

ನನಗೆ ಕ್ಷಣಹೊತ್ತು ಅರ್ಥವಾಗಲಿಲ್ಲ. ನಾನು ಅಕ್ಕನನ್ನು ಎದುರಿನಿಂದ ನೋಡಿ ಉಲ್ಟಾ ಕಲಿತಿದ್ದೆ. ಮಕ್ಕಳು ನನ್ನನ್ನು ಎದುರಿನಿಂದ ನೋಡಿ ಆ ಉಲ್ಟಾವನ್ನು ಮತ್ತೆ ಉಲ್ಟಾ ಮಾಡಿಕೊಂಡಿದ್ದವು. ಅಂಗಳದ ನಡುವೆಯೇ ಅಕ್ಕ ನನ್ನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸಿದರು. ಇದೂ ಡ್ರಿಲ್ಲೇ ಇರಬೇಕೆಂದುಕೊಂಡು ಅರವತ್ತು ಹುಡುಗಿಯರೂ ಜೋಡಿ ಹಿಡಿದು ತಿರುಗತೊಡಗಿದರು. ಗದ್ದಲಕ್ಕೆ ಹೊರಗೆ ಬಂದ ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲೇ ನಿಂತು ನೋಡಿ ಮತ್ತೆ ಒಳಗೆ ಹೋದರು.

ಶನಿವಾರ ಡ್ರಿಲ್ ಮೇಡಮ್ ಬಂದರು. ಮಕ್ಕಳು ಒಂದಿಷ್ಟೂ ತಪ್ಪಲಿಲ್ಲ. ಅವರು ಮಕ್ಕಳನ್ನು ನೋಡಿದರು, ನನ್ನನ್ನು ನೋಡಿದರು, ಇನ್ನೊಮ್ಮೆ ಮಾಡಿಸಿ ಎಂದರು. ಮಾಡಿಸಿದೆ. ಅಕ್ಕ ಗೋಡೆಗೆ ಒರಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಮಕ್ಕಳ ಎದುರು ನಿಂತಾಗ ಟೀಚರ್ ಹೀಗೇ ಉಲ್ಟಾ ಮಾಡ್ಬೇಕು," ಎಂದರು ಡ್ರಿಲ್ ಮೇಡಮ್. "ಈ ಬ್ಯಾಚಲ್ಲಿ ಇದನ್ನ ಮಾಡಿದ್ದು ನೀವೊಬ್ಬರೇ."

ಸುಮ್ಮನಿದ್ದರೆ ಸಾಕಿತ್ತು. ಆದರೆ ಸುಳ್ಳಿನ ಹೊಗಳಿಕೆಯನ್ನು ಇಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ. "ಬೇಕಂತ ಮಾಡಿದ್ದಲ್ಲ ಮೇಡಮ್, ನಂಗೆ ಬರೋದೇ ಹೀಗೆ," ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಅವರು ನಕ್ಕದ್ದನ್ನು ಅಕ್ಕ ಮೂರು ತಿಂಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲವಂತೆ, ಈಗ ನಕ್ಕರು. ಸೀಟಿ ಎದೆಯ ಮೇಲೆ ಕುಣಿಯುವಷ್ಟು ನಕ್ಕರು. "ಇನ್ಮೇಲೆ ಬೇಕಂತಲೇ ಮಾಡಿ," ಎಂದು ಪುಸ್ತಕದಲ್ಲಿ ಏನೋ ಬರೆದುಕೊಂಡು ಹೊರಟರು.

ಇಬ್ಬರೂ ಪಾಸಾದೆವು. ಮಕ್ಕಳ ಮನಸ್ಸಿನ ಪಾಠದಲ್ಲಿ ಅಕ್ಕನಿಗೆ ನನಗಿಂತ ಹೆಚ್ಚು ನಂಬರು ಬಂದಿತ್ತು. ಅದು ಹೇಗೆಂದು ನನಗೆ ತಿಳಿಯಲಿಲ್ಲ. ಕೇಳಿದ್ದಕ್ಕೆ, ನಾನು ಹೇಳಿಕೊಟ್ಟದ್ದೊಂದೂ ನೆನಪಿಗೆ ಬರಲಿಲ್ಲವೆಂದೂ, ತಮ್ಮ ಕ್ಲಾಸಿನ ಮಕ್ಕಳ ಸಂಗತಿಗಳನ್ನೇ ನಾಲ್ಕು ಪುಟ ಬರೆದು ಬಂದದ್ದೆಂದೂ ಹೇಳಿದರು.