ಷೇರಿನ ಮಾಲು ನೋಡಲು ಹೋಗಿದ್ದು

ಲಾಕ್‌ಡೌನ್ ಮುಗಿದಾಗ ಸಾಲದಲ್ಲಿ ಮುಳುಗಿದ್ದ ಒಂದು ಮಲ್ಟಿಪ್ಲೆಕ್ಸ್ ಕಂಪನಿಯ ಷೇರು ಅಗ್ಗವಾಗಿತ್ತು. ರಾಣೆಬೆನ್ನೂರಿನ ನನ್ನ ಷೇರು ಆಫೀಸಿಗೆ ಬಂದ ಬ್ಯಾಡಗಿಯ ಮೆಣಸಿನಕಾಯಿ ಸಾವ್ಕಾರರೂ ಅವರ ಹೆಂಡತಿ ಅಕ್ಕಾರೂ ನನ್ನೆದುರೇ ವಾದಕ್ಕೆ ಬಿದ್ದರು.

"ಜನ ಮತ್ತ ಬಂದ ಬರ್ತಾರ, ತಗೊಳ್ಳೂಣು" ಅಂದರು ಸಾವ್ಕಾರರು.

"ಅದರ ಸಾಲ ಯಾರು ತೀರಸ್ತಾರ್ರಿ? ಮಾಲು ನೋಡದ ನಾವು ಒಂದು ಚೀಲ ಮೆಣಸಿನಕಾಯಿನೂ ತಗೊಳ್ಳಂಗಿಲ್ಲ. ನಡೀರಿ, ಮೊದಲ ನೋಡೂಣು" ಅಂದರು ಅಕ್ಕಾರು.

ಮೂವರೂ ಹುಬ್ಬಳ್ಳಿಗೆ ಹೋಗಿ ಆ ಕಂಪನಿಯ ಥಿಯೇಟರಿನಲ್ಲೇ ಕುಳಿತೆವು. ಖಾಲಿ ಕುರ್ಚಿಗಳನ್ನು ಕಂಡು ಸಾವ್ಕಾರರ ಮುಖ ಸಪ್ಪಗಾಯಿತು. ಅಕ್ಕಾರು ಚಪ್ಪಲಿ ಬಿಟ್ಟು, ಕಾಲು ಮಡಚಿಕೊಂಡು, ಎಸಿ ತಂಪಿನಲ್ಲಿ ಕಣ್ಣು ಮಿಟುಕಿಸದೆ ಸಿನಿಮಾ ನೋಡಿದರು.

ಹೊರಗೆ ಬಂದು ಅಕ್ಕಾರು, "ಷೇರು ಬ್ಯಾಡ. ಆದ್ರ ಇದು ಮುಚ್ಚಬಾರದ್ರಿ. ರೊಕ್ಕ ಬ್ಯಾರೇದವ್ರು ಹಾಕ್ಲಿ, ನಾವು ಬಂದು ನೋಡೂಣು" ಅಂದರು.

ನನಗೆ ದಲಾಲಿ ಗಿಟ್ಟಲಿಲ್ಲ. ಆದರೂ ಮುಂದಿನ ಶುಕ್ರವಾರ ಮೂವರೂ ಮತ್ತೆ ಮಾಲು ನೋಡಲು ಹೋದೆವು.