ದಮಯಂತಿಯ ಮುಂದಿನ ಹಕ್ಕಿ

ಟೀ ಫ್ಯಾಕ್ಟರಿಯಲ್ಲಿ ಎಲೆ ಒಣಗಿಸುವ ಡ್ರೈಯರಿನ ಒಲೆಗೆ ಸೌದೆ ಹಾಕುವವನು ಹಾಲನ್. ನಲವತ್ತು ದಾಟಿದ ಮೇಲೆ ಅವನಿಗೆ ಎಣ್ಣೆಬಣ್ಣದ ಹುಚ್ಚು ಹಿಡಿಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಟ್ಟಿಯವರು ನಕ್ಕರು. ನಗಲಿ ಬಿಡಿ, ಅವರು ಆ ದಮಯಂತಿಯನ್ನು ನೋಡಿರಲಿಲ್ಲ.

ಅವನು ನೋಡಿದ್ದು ಊಟಿಯಲ್ಲಿ, ಮಳೆಗೆ ಯಾರದೋ ಸೂರಿನಡಿ ನಿಂತಾಗ. ಕಿಟಕಿಯ ಒಳಗೆ ಗೋಡೆಯ ಮೇಲೊಂದು ಹಳೆಯ ಪಟ. ಕೆಂಪು ಸೀರೆಯ ದಮಯಂತಿ ತಲೆ ಓರೆ ಮಾಡಿ ಹಂಸದ ಮಾತು ಕೇಳುತ್ತಿದ್ದಳು. ಮಳೆ ನಿಂತರೂ ಹಾಲನ್ ಕದಲಲಿಲ್ಲ.

"ಹೊರಗೆ ನಿಂತು ನೋಡಿದ್ರೆ ಕೈಗೆ ಬರಲ್ಲಪ್ಪಾ, ಒಳಗೆ ಬಾ," ಎಂದರು ಮನೆಯ ಯಜಮಾನರು, ನಿವೃತ್ತ ಡ್ರಾಯಿಂಗ್ ಮಾಸ್ಟರ್ ಬಾಲಸುಬ್ರಮಣಿಯನ್.

ಅಂದಿನಿಂದ ಭಾನುವಾರಗಳೆಲ್ಲ ಆ ಪಟವನ್ನು ನೋಡಿ ಬರೆಯುವುದಕ್ಕೇ ಮೀಸಲಾದವು. ಮೊದಲು ಬರೀ ಕಂದು ಬಣ್ಣ, ತೆಳ್ಳಗೆ. ಅದು ಒಣಗಿದ ಮೇಲೆ ಇನ್ನೊಂದು ಪದರ. ಊಟಿಯ ಮಳೆಗಾಲದಲ್ಲಿ ಟವೆಲ್ಲೇ ಒಣಗುವುದಿಲ್ಲ, ಇನ್ನು ಎಣ್ಣೆಬಣ್ಣ ಒಣಗೀತೇ? ಆದರೆ ಹಾಲನಿಗೆ ಆ ಕಾಯುವಿಕೆಯೇ ಸುಖವೆನಿಸುತ್ತಿತ್ತು. ಒಲೆಯ ಬೆಂಕಿಯಲ್ಲಿ ಸೀರೆಯ ಜರಿ ಹೊಳೆಯುತ್ತಿತ್ತು. ಮಂಜಿನಲ್ಲಿ ಹಟ್ಟಿಗೆ ನಡೆಯುವಾಗ ಮುಂದೆ ಯಾರೋ ಕೆಂಪು ಸೆರಗು ಎಳೆದುಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತು. ಅವನು ಹೆಜ್ಜೆ ಚುರುಕು ಮಾಡಿದರೆ ಅವಳೂ ಮಾಡುತ್ತಿದ್ದಳು.

ಮಾಸ್ಟರು ಮಾತ್ರ ಒಂದು ಸಲವೂ 'ಸರಿ' ಅನ್ನಲಿಲ್ಲ. ತೀರಾ ಖುಷಿಯಾದರೆ ತಮಿಳಿನಲ್ಲಿ "ಪರವಾಯಿಲ್ಲೆ" ಅನ್ನುವರು, ಅಷ್ಟೇ. ಆ ಒಂದು 'ಸರಿ'ಗಾಗಿ ಹಾಲನ ಜೀವ ಬಾಯಿ ಬಿಡುತ್ತಿತ್ತು.

ಅಷ್ಟರಲ್ಲಿ ಮಾಸ್ಟರ ಮಂಡಿಗೆ ಚಳಿ ತಡೆಯದಾಯಿತು. ಬರುವ ಭಾನುವಾರ ತಿರುಪ್ಪೂರಿನ ಮಗಳ ಮನೆಗೆ ಶಾಶ್ವತವಾಗಿ ಹೊರಡುವುದೆಂದು ಗೊತ್ತಾಯಿತು. ಹಂಸಕ್ಕೆ ಬಳಿದ ಬಿಳಿ ಇನ್ನೂ ಹಸಿಹಸಿ. ಹೇಗಾದರೂ ಮುಗಿಸಿ ತೋರಿಸಬೇಕು. ಹಾಲನಿಗೆ ತನ್ನ ಕೆಲಸದ ಬುದ್ಧಿಯೇ ಹೊಳೆಯಿತು: ಎಲೆ ಒಣಗುವ ಕಡೆ ಬಣ್ಣ ಒಣಗದೇ? ಚಿತ್ರವನ್ನು ಒಯ್ದು ಡ್ರೈಯರಿನ ಪಕ್ಕ ನಿಲ್ಲಿಸಿದ. ಪಾಳಿ ಮುಗಿದು ನೋಡಿದರೆ, ಗಾಳಿಯಲ್ಲಿ ಹಾರಾಡುವ ಟೀ ಧೂಳು, ನಾರು ಎಲ್ಲ ಹಸಿ ಬಿಳಿಗೆ ಅಂಟಿ, ಹಂಸಕ್ಕೆ ಕಂದು ತುಪ್ಪಳ ಬಂದಿತ್ತು!

ಅದನ್ನೇ ಹೊತ್ತುಕೊಂಡು ಭಾನುವಾರ ಹೋದ. ಮಾಸ್ಟರು ಬೈಯಲಿಲ್ಲ. ಮೂಸಿ ನೋಡಿ ನಕ್ಕರು. ಆಮೇಲೆ ಬಣ್ಣದ ಚಾಕು ಕೊಟ್ಟು, "ಹಂಸನ ಕೆರೆದು ತೆಗಿ, ಮತ್ತೆ ಬರಿ," ಎಂದರು.

ಕೆರೆದ. ದಮಯಂತಿಯ ಮುಂದೆ ಬರೀ ಬಯಲು ಉಳಿಯಿತು. ತಲೆಯೆತ್ತಿ ನೋಡಿದರೆ ಗೋಡೆಯೂ ಬಯಲು. ಪಟ ಆಗಲೇ ಪೆಟ್ಟಿಗೆ ಸೇರಿತ್ತು.

"ನೋಡ್ದೆ ಹೆಂಗೆ ಬರೀಲಿ ಸಾರ್? ನಾನು ನಿಜದ ಹಂಸನ ಕಂಡೇ ಇಲ್ಲ!"

"ಅವಳು ಕಂಡಿದಾಳಲ್ಲ. ಅವಳನ್ನೇ ಕೇಳು."

ಕಾರು ಬಂತು, ಹೋಯಿತು. 'ಸರಿ'ಯೂ ಅದರ ಜೊತೆಗೇ ಘಟ್ಟ ಇಳಿದು ಹೋಯಿತು. ಬಸ್‌ ಸ್ಟ್ಯಾಂಡಿನಲ್ಲಿ ಚಿತ್ರ ತಬ್ಬಿಕೊಂಡು ಹಾಲನ್ ಮಗುವಿನಂತೆ ಅತ್ತ.

ಎಷ್ಟೋ ದಿನ ಅವನು ಆ ಬಯಲನ್ನೇ ನೋಡುತ್ತಾ ಕೂತ. ಒಂದು ಬೆಳಿಗ್ಗೆ ಮಂಜು ಬಾಗಿಲ ತನಕ ಬಂದಿತ್ತು. ಅದರೊಳಗೆ ಬೆಳ್ಳಗೆ ಏನೋ ಕತ್ತು ಚಾಚಿತು. ಹಾಲನ್ ಕುಂಚ ಹಿಡಿದ. ಎಮ್ಮೆಗಳ ಹಿಂದೆ ಅಲೆಯುವ ಬೆಳ್ಳಕ್ಕಿಯ ಕತ್ತು ಬಂತು, ಎಲ್ಲೋ ಕನಸಿನಲ್ಲಿ ಕಂಡ ರೆಕ್ಕೆ ಬಂತು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಹೆಂಡತಿ ಲಿಂಗಿ ಬಂದು ಇಣುಕಿದಳು. "ಹಂಸವಾ ಇದು? ನಂಗ ಮನೆ ಬಿಳಿ ಕೋಯಿ!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಂಜಿನಲ್ಲಿ ಕತ್ತು ಚಾಚಿದ್ದು ಕೋಳಿಯೇ ಹೌದು. ಬಾಗಿಲಲ್ಲಿ ಇನ್ನೂ ಕೆದಕುತ್ತಿತ್ತು. ಹಾಲನೂ ನಕ್ಕುಬಿಟ್ಟ.

ನಗುತ್ತಲೇ ದಮಯಂತಿಯ ಕಡೆ ನೋಡಿದ. ಇಷ್ಟು ದಿನ ಅವಳು ಸುಮ್ಮನೆ ತಲೆ ಓರೆ ಮಾಡಿದ್ದಳು. ಈಗ ನಿಜವಾಗಿ ಕೇಳಿಸಿಕೊಳ್ಳುತ್ತಿದ್ದಳು.

"ಸರಿ," ಎಂದಿತು ಒಂದು ದನಿ.

ಹಾಲನ್ ಬೆಚ್ಚಿ ತಿರುಗಿದ. ಲಿಂಗಿ ಆಗಲೇ ಒಳಗೆ ಹೋಗಿದ್ದಳು. ಅಲ್ಲಿ ಅವನೊಬ್ಬನೇ ಇದ್ದ.